ಪುನರ್ವಸುವಿನ ಪಕ್ಕದ ಚುಕ್ಕಿ

ಆ ವರ್ಷ ಕಾರ್ತಿಕದಲ್ಲಿ ನಮಗೊಂದು ಹೆಣ್ಣುಮಗು ಹುಟ್ಟಿ, ವಾರ ತುಂಬುವ ಮೊದಲೇ ತೀರಿಕೊಂಡಿತು. ಚೊಚ್ಚಲ ಹೆರಿಗೆಯೆಂದು ಮದ್ದೂರಿನ ತವರಿಗೆ ಹೋಗಿದ್ದ ನಾನು ಬರಿಗೈಯಲ್ಲಿ ಮಂಡ್ಯಕ್ಕೆ ವಾಪಸು ಬಂದೆ. ಹೆಸರಿಡುವ ಮುಂಚೆಯೇ ಹೋದ ಮಗುವಾದ್ದರಿಂದ ಅದರ ಬಗ್ಗೆ ಮಾತಾಡುವುದಕ್ಕೆ ಯಾರಿಗೂ ಒಂದು ಶಬ್ದವಿರಲಿಲ್ಲ. ಅತ್ತೆ ಮೊದಮೊದಲು "ಆ ಕೂಸು" ಅನ್ನುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

ಮಂಡ್ಯದಲ್ಲಿ ನಾವಿದ್ದದ್ದು ಗುತ್ತಲು ಬಡಾವಣೆಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಅವರ ಜಮೀನು, ಮನೆ ಎಲ್ಲ ಯಲಿಯೂರಿನಲ್ಲಿ. ಕಬ್ಬು ಕಡಿಯುವ ಕಾಲವಾದರೂ ಅತ್ತೆ ಅದನ್ನು ನನ್ನ ಮೈದುನನಿಗೆ ಒಪ್ಪಿಸಿ ನನ್ನ ಆರೈಕೆಗೆಂದು ಬಂದು ಕೂತಿದ್ದರು. ಬಾಣಂತಿಗೆ ಕೊಡುವ ಖಾರ, ಕಷಾಯ, ತಲೆಗೆ ಸುತ್ತುವ ಬಟ್ಟೆ ಎಲ್ಲವೂ ನಡೆದಿತ್ತು, ಮಗುವೊಂದನ್ನು ಬಿಟ್ಟು.

ನನ್ನ ಅಣ್ಣ ಸೈನ್ಯದಲ್ಲಿದ್ದ. ರಜೆಗೆ ಬಂದವನು ನನ್ನನ್ನು ನೋಡಲು ಬಂದ. ಹೊರಡುವಾಗ ಚೀಲದಿಂದ ಒಂದು ದುರ್ಬೀನು ತೆಗೆದು ನನ್ನ ಮಡಿಲಲ್ಲಿಟ್ಟು, "ಮಡಿಕೊ. ದೂರದ್ದು ಅತ್ರ ಕಾಣ್ತದೆ" ಅಂದ. ಎರಡು ಕಣ್ಣಿಗೂ ಹಿಡಿದು ನೋಡುವ, ಭಾರವಾದ ದುರ್ಬೀನು. ಅದರ ತೊಗಲಿನ ಪಟ್ಟಿ ಬೆವರಿಗೆ ಕಪ್ಪಾಗಿತ್ತು.

ಸಂಜೆ ಊಟವಾದ ಮೇಲೆ ನಾನು ತಾರಸಿಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡೆ. ಕೆಳಗೆ ಪಕ್ಕದ ಮನೆಯ ಎಳೆಗೂಸು ಅಳುವುದು ಕೇಳುತ್ತಿತ್ತು. ಮೇಲೆ ಅಷ್ಟಾಗಿ ಕೇಳುತ್ತಿರಲಿಲ್ಲ. ಅತ್ತೆಗೆ ಇದು ಸರಿಬರಲಿಲ್ಲ.

"ಮಾಗಿ ಚಳೀಲಿ ಮ್ಯಾಲೆ ಕುಂತ್ಕೊಬ್ಯಾಡ ಕಣಮ್ಮ, ಸೀತ ಆಯ್ತದೆ" ಎಂದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು. ನಾನು ಇಳಿಯದಿದ್ದರೆ ಕಂಬಳಿ ಹಿಡಿದು ತಾವೇ ಹತ್ತಿ ಬರುತ್ತಿದ್ದರು.

ದುರ್ಬೀನಿನಲ್ಲಿ ಮೊದಮೊದಲು ನಾನು ನೋಡಿದ್ದು ಆಕಾಶವನ್ನಲ್ಲ. ದೂರದ ಸಕ್ಕರೆ ಕಾರ್ಖಾನೆಯ ಹೊಗೆಗೊಳವೆ, ಸಾಲಾಗಿ ನಿಂತ ಕಬ್ಬಿನ ಗಾಡಿಗಳ ಕೆಳಗೆ ತೂಗಾಡುವ ಲಾಟೀನು, ಇಂಥವನ್ನು. ಒಂದು ಸಂಜೆ ಕರೆಂಟು ಹೋಗಿ ಊರೆಲ್ಲ ಕತ್ತಲಾದಾಗ ಸುಮ್ಮನೆ ಮೇಲಕ್ಕೆತ್ತಿದೆ. ಬರಿಗಣ್ಣಿಗೆ ಹತ್ತು ನಕ್ಷತ್ರ ಕಾಣುವ ಕಡೆ ನೂರು ಕಂಡವು. ನನ್ನ ಗಂಡನನ್ನು ಕೂಗಿದೆ. ಅವರು ಬಂದು, ಪೂರ್ವದಲ್ಲಿ ಒತ್ತೊತ್ತಾಗಿದ್ದ ಎರಡು ನಕ್ಷತ್ರ ತೋರಿಸಿ, "ಅದು ಪುನರ್ವಸು" ಎಂದರು.

ಕಂಬಳಿ ತಂದಿದ್ದ ಅತ್ತೆ ಅಲ್ಲೇ ಇದ್ದರು. "ಪುನರ್ವಸು ಅಂದ್ರೆ ಮಳೆ ಕಣ್ಲಾ. ಆಸಾಡ್ದಲ್ಲಿ ಉಯ್ಯೋದು. ಅದ್ನ ಮಾಗೀಲಿ ಯಾಕ್ ತೋರಿಸ್ತೀಯ?"

"ಮಳೆ ಹೆಸ್ರು ನಕ್ಷತ್ರದಿಂದಾನೇ ಬಂದಿರೋದು ಅವ್ವ."

"ಆಗ್ಲಿ ಬುಡು, ನಕ್ಸತ್ರದಲ್ಲಿ ನೀರೈತಾ?"

ನನಗೆ ನಗು ಬಂತು. ಮದ್ದೂರಿನಿಂದ ಬಂದಮೇಲೆ ನಾನು ನಕ್ಕದ್ದು ಅದೇ ಮೊದಲು ಅಂತ ಕಾಣುತ್ತದೆ. ಯಾಕೆಂದರೆ ಇಬ್ಬರೂ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು.

ಮಾರನೆಯ ದಿನ ನನ್ನ ಗಂಡ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನೂ ಒಂದು ಪೆನ್ಸಿಲನ್ನೂ ಕೊಟ್ಟರು. "ಸುಮ್ನೆ ನೋಡಿದ್ರೆ ಮರ್ತುಹೋಗುತ್ತೆ. ಕಂಡದ್ದನ್ನ ಕಂಡ ಹಾಗೆ ಬರ್ಕೊ" ಎಂದರು. ಮದುವೆಗೆ ಮುಂಚೆ ನಾನು ಬಿ.ಎಸ್ಸಿ. ಮೊದಲ ವರ್ಷ ಓದಿದ್ದೆ. ಗ್ರಾಫ್ ಹಾಳೆಯ ಅಭ್ಯಾಸ ಇನ್ನೂ ಕೈಯಲ್ಲಿತ್ತು. ಪುನರ್ವಸುವಿನಿಂದ ಸ್ವಲ್ಪ ಬಲಕ್ಕೆ ಒಂದು ಸಾಧಾರಣ ನಕ್ಷತ್ರವಿತ್ತು, ಅದರ ಸುತ್ತ ಸಣ್ಣವು ಕೆಲವು. ದುರ್ಬೀನಿನ ಒಂದೇ ನೋಟದೊಳಗೆ ಅವೆಲ್ಲ ಹಿಡಿಯುತ್ತಿದ್ದವು. ಅದಕ್ಕೇ ಆ ಜಾಗವನ್ನು ಆರಿಸಿಕೊಂಡೆ, ಬೇರೆ ಕಾರಣವೇನೂ ಇರಲಿಲ್ಲ. ದಿನಾ ಸಂಜೆ ಅದೇ ಚುಕ್ಕಿಗಳನ್ನು ಹೊಸ ಹಾಳೆಯಲ್ಲಿ ಬರೆಯುವುದು. ರಂಗೋಲಿಯ ಹಾಗೆ ಕೈ ತಾನಾಗಿ ಓಡಲಿ ಎಂಬುದಷ್ಟೇ ನನ್ನ ಆಸೆ.

ಕೆಲವು ದಿನ ಕಳೆದ ಮೇಲೆ ಒಂದು ಚುಕ್ಕಿ ತಾನಿದ್ದ ಕಡೆ ಇಲ್ಲ ಅನ್ನಿಸಿತು. ಹಿಂದಿನ ಹಾಳೆ ತೆಗೆದು ನೋಡಿದೆ. ಮಿಕ್ಕವೆಲ್ಲ ಹಾಗೇ ಇದ್ದವು, ಇದೊಂದು ಸರಿದಿತ್ತು.

"ನೀನು ಮೊನ್ನೆ ತಪ್ಪು ಜಾಗದಲ್ಲಿ ಇಟ್ಟಿದ್ದೀಯ" ಎಂದರು ನನ್ನ ಗಂಡ.

"ಒಂದು ದಿನ ತಪ್ಪಿರಬಹುದು. ಪ್ರತಿದಿನವೂ ಅದೇ ದಿಕ್ಕಿಗೆ ತಪ್ಪುತ್ತೀನಾ?"

ಅವರು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಲಾಟೀನಿನ ಮುಂದೆ ಹಿಡಿದರು. ಬೆಳಕಿನಲ್ಲಿ ಚುಕ್ಕಿಗಳೆಲ್ಲ ಒಂದರೊಳಗೊಂದು ಕೂತವು. ಆ ಒಂದು ಚುಕ್ಕಿ ಮಾತ್ರ ಇರುವೆ ಸಾಲಿನಂತೆ ಉದ್ದಕ್ಕೆ ಕಂಡಿತು. ಆಮೇಲೆ ಪಂಚಾಂಗ ತರಲು ಹೇಳಿದರು. ಪುನರ್ವಸುವಿರುವ ಮಿಥುನ ರಾಶಿಯಲ್ಲಿ ಆಗ ಯಾವ ಗ್ರಹವೂ ಇರಲಿಲ್ಲ. ಮುಂದಿನ ಸಂಜೆಗಳಲ್ಲಿ ಅವರೇ ದುರ್ಬೀನು ಹಿಡಿದು ನೋಡಿದರು. ಸ್ಕೂಲಿನ ಲೈಬ್ರರಿಯಿಂದ ನಕ್ಷತ್ರಪಟ ತಂದರು. ಅದರಲ್ಲಿ ಆ ಚುಕ್ಕಿ ಇರಲಿಲ್ಲ. "ಗ್ರಹ ಅಲ್ಲ ಅಂದ್ರೆ ಧೂಮಕೇತು ಇರಬೇಕು. ಆದ್ರೆ ಇದಕ್ಕೆ ಬಾಲ ಇಲ್ಲ. ಹಾಗಾದ್ರೆ ಇದೇನೋ ಹೊಸದೇ" ಎಂದರು.

ಖಚಿತವಾಗುವ ತನಕ ಯಾರಿಗೂ ಹೇಳಬಾರದು ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಆದರೆ ಅವರು ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಹೇಳಿದರು. ಅಲ್ಲಿಂದ ಅದು ಡ್ರಿಲ್ ಮೇಷ್ಟರಿಗೆ, ಅವರಿಂದ ಅವರ ಗೆಳೆಯನಾದ ಒಬ್ಬ ವರದಿಗಾರನಿಗೆ ಹೋಯಿತು. ಸಂಕ್ರಾಂತಿ ಕಳೆದು ಎರಡನೆಯ ದಿನ ಪತ್ರಿಕೆಯಲ್ಲಿ ಮಂಡ್ಯದ ಶಿಕ್ಷಕರೊಬ್ಬರು ಹೊಸ ಗ್ರಹ ಕಂಡುಹಿಡಿದಿದ್ದಾರೆಂದು ಬಂತು. ಕೊನೆಯ ಸಾಲಿನಲ್ಲಿ, ಅವರ ಪತ್ನಿಯೂ ನೆರವಾದರು ಎಂದಿತ್ತು. ನನ್ನ ಗಂಡ ಅದನ್ನು ಓದಿ ತಲೆ ತಗ್ಗಿಸಿ ಕೂತರು.

"ನಾನು ನಿನ್ನ ಹೆಸ್ರು ಹೇಳಿದ್ದೆ ಕಣೆ. ಅವ್ನು ಬರೀಲಿಲ್ಲ."

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಳ್ಳುಬೆಲ್ಲದ ತಟ್ಟೆ ತೊಳೆಯುತ್ತ ಅದನ್ನೇ ಯೋಚಿಸುತ್ತಿದ್ದೆ.

ಆಮೇಲೆ ಶುರುವಾಯಿತು ಹೆಸರಿನ ಗಲಾಟೆ. ಕಂಡುಹಿಡಿದವರಿಗೇ ಹೆಸರಿಡುವ ಹಕ್ಕಿರುತ್ತದೆಂದು ಯಾರೋ ಹೇಳಿದ್ದರು. ಹೆಡ್ ಮಾಸ್ಟರು ಕಾವೇರಿ ಎಂದಿಡಿ ಎಂದರು. ಡ್ರಿಲ್ ಮೇಷ್ಟರು ಮಂಡ್ಯ ಎಂದೇ ಇರಲಿ ಎಂದರು. ಕಬ್ಬು ಬೆಳೆಯುತ್ತಿದ್ದ ನಮ್ಮ ಮನೆಯ ಮಾಲೀಕರು ಬಾಡಿಗೆ ಕೇಳಲು ಬಂದವರು ಬಾಡಿಗೆ ಮರೆತು, "ಸಕ್ಕರೆ ಅಂತ ಮಡಗಿ ಸಾ. ಎಲ್ರಿಗೂ ಬಾಯಲ್ಲಿ ನಿಲ್ತದೆ" ಎಂದರು. ನನ್ನ ಗಂಡ ಹೈಸ್ಕೂಲು ಓದಿದ್ದು ಮಳವಳ್ಳಿಯಲ್ಲಿ. ಅಲ್ಲಿಯ ಹಿರಿಯ ವಕೀಲರೊಬ್ಬರು ಖುದ್ದಾಗಿ ಬಂದು, ತಮ್ಮೂರಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ, ವೇದಿಕೆಯ ಮೇಲೇ ಒಬ್ಬ ಮಂತ್ರಿಗಳ ಹೆಸರನ್ನು ಗ್ರಹಕ್ಕೆ ಘೋಷಿಸಬೇಕು ಎಂದು ಹೇಳಿ ಹೋದರು.

ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರು. "ಮನೆ ದೇವ್ರ ಎಸ್ರು ಮಡಗ್ಲಾ. ಯಾವನ್ದೋ ಎಸ್ರು ಮಡಗಿದ್ರೆ ನಾನು ಊರ್ಗೆ ಒಂಟೋಯ್ತೀನಿ."

ಆ ದಿನ ತಾರಸಿಯ ಮೇಲೆ ನನ್ನ ಗಂಡ ಕೇಳಿದರು: "ಎಲ್ರೂ ಹೇಳಿದ್ರು. ನೋಡಿದವಳು ನೀನು. ನಿನಗೇನು ಹೆಸ್ರು ಬೇಕು?"

ನನ್ನಲ್ಲೊಂದು ಹೆಸರಿತ್ತು. ಮದ್ದೂರಿನಲ್ಲಿ ಮಗು ನನ್ನ ಪಕ್ಕದಲ್ಲಿದ್ದಾಗ ಮನಸ್ಸಿನಲ್ಲೇ ಇಟ್ಟುಕೊಂಡದ್ದು. ಆವತ್ತಿನವರೆಗೆ ಬಾಯಿಬಿಟ್ಟು ಅಂದಿರಲಿಲ್ಲ. ಅದನ್ನು ಹೇಳಿದೆ. ಯಾರ ಹೆಸರೆಂದು ಅವರು ಕೇಳಲಿಲ್ಲ, ಗೊತ್ತಾಯಿತು. ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡು, "ಅದೇ ಇಡೋಣ" ಎಂದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಸನ್ಮಾನಕ್ಕೆ ಮುಂಚೆ ಬೆಂಗಳೂರಿಗೆ ಹೋಗಿ ತಿಳಿದವರಿಗೆ ತೋರಿಸಿ ಬರುವುದೆಂದು ನಿಶ್ಚಯವಾಯಿತು. ಖಗೋಳದ ಸಂಶೋಧನೆ ನಡೆಸುವ ಒಂದು ಸಂಸ್ಥೆಯ ವಿಳಾಸವನ್ನು ನನ್ನ ಗಂಡ ಪತ್ತೆ ಮಾಡಿದ್ದರು. ಬೆಳಗಿನ ರೈಲಿಗೆ ಹೊರಟೆವು. ನಾನೂ ಬರಬೇಕೆಂದು ಅವರು ಹಟ ಹಿಡಿದಿದ್ದರು. ಹಾಳೆಗಳನ್ನು ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಕೂಸನ್ನು ಹಿಡಿದ ಹಾಗೆ ಮಡಿಲಲ್ಲಿ ಹಿಡಿದು ಕೂತಿದ್ದೆ.

ಅಲ್ಲಿ ನಮ್ಮನ್ನು ಕೂರಿಸಿಕೊಂಡವರು ಕಿವಿಯ ಮೇಲೆ ಬಿಳಿ ಕೂದಲಿದ್ದ ವಿಜ್ಞಾನಿ. ಅವರ ಮೇಜಿನ ಮೇಲೆ ಟಿಫಿನ್ ಡಬ್ಬಿ ತೆರೆದೇ ಇತ್ತು. ಊಟ ಬಿಟ್ಟು ನಮ್ಮ ಮಾತು ಕೇಳಿದರು. ಹಾಳೆಗಳನ್ನು ಮೇಜಿನ ತುಂಬ ಹರಡಿದರು.

"ಯಾರು ಬರೆದದ್ದು?"

"ನಮ್ಮ ಮನೆಯವಳು ಸಾರ್."

ಅವರು ನನ್ನ ಕಡೆ ತಿರುಗಿ, ಯಾವ ದಿನ, ಎಷ್ಟು ಹೊತ್ತಿಗೆ ನೋಡಿದೆ ಎಂದು ಕೇಳಿದರು. ಹೇಳಿದೆ. ಎದ್ದು ಹೋಗಿ ಬೀರುವಿನಿಂದ ದಪ್ಪನೆಯ ಪುಸ್ತಕವೊಂದನ್ನು ತಂದರು. ಅದರ ತುಂಬ ಅಂಕಿಗಳು. ಅವನ್ನು ನೋಡಿಕೊಂಡು ಸ್ಕೇಲು ಹಿಡಿದು ಎಲ್ಲ ದಿನದ ಚುಕ್ಕಿಗಳನ್ನೂ ಒಟ್ಟಿಗೆ ಇಳಿಸಿದ್ದ ನನ್ನ ಕೊನೆಯ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಾಲಾಗಿ ಸಣ್ಣ ಗುರುತು ಹಾಕಿದರು. ಅವರ ಗುರುತುಗಳು ನನ್ನ ಚುಕ್ಕಿಗಳ ಪಕ್ಕಪಕ್ಕದಲ್ಲೇ ಬಿದ್ದವು. ಅವರು ಏನನ್ನೂ ಹೇಳುವ ಮೊದಲೇ ನನಗೆ ಅರ್ಥವಾಯಿತು. ಅದು ಎಲ್ಲಿರುತ್ತದೆಂದು ಆ ಪುಸ್ತಕಕ್ಕೆ ಮೊದಲೇ ಗೊತ್ತಿತ್ತು.

"ಚೆನ್ನಾಗಿ ಬರೆದಿದ್ದೀರಮ್ಮ" ಎಂದರು. "ಆದರೆ ಇದು ಹೊಸದಲ್ಲ. ಕ್ಷುದ್ರಗ್ರಹ ಅಂತಾರೆ. ಮಂಗಳ, ಗುರು ಇವೆರಡರ ನಡುವೆ ಸೂರ್ಯನ ಸುತ್ತ ಸಾವಿರಾರು ಬಂಡೆಗಳು ಸುತ್ತುತ್ತವೆ. ಅದರಲ್ಲಿ ಕಂಡುಹಿಡಿದವುಗಳ ಪೈಕಿ ಇದು ನಾಲ್ಕನೆಯದು. ಜರ್ಮನಿಯ ಒಬ್ಬ ವೈದ್ಯರು ನೂರ ಎಪ್ಪತ್ತು ವರ್ಷದ ಹಿಂದೆ ನೋಡಿದ್ದು. ವೆಸ್ಟಾ ಅಂತ ಹೆಸರು."

ನನ್ನ ಗಂಡ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ನಾನೇ ಕೇಳಿದೆ: "ವೆಸ್ಟಾ ಅಂದರೆ?"

"ರೋಮಿನವರ ಕಾಲದ ಒಬ್ಬ ದೇವತೆ. ಒಲೆಯ ದೇವತೆ. ತಮಾಷೆ ಏನು ಅಂದರೆ, ಕಂಡುಹಿಡಿದ ವೈದ್ಯರು ತಾವು ಹೆಸರಿಡಲಿಲ್ಲ. ಅದರ ದಾರಿಯನ್ನು ಲೆಕ್ಕ ಹಾಕಿಕೊಟ್ಟ ಗಣಿತಜ್ಞರೊಬ್ಬರಿಗೆ ಆ ಹಕ್ಕು ಬಿಟ್ಟುಕೊಟ್ಟರು. ವೆಸ್ಟಾ ಅಂತ ಇಟ್ಟದ್ದು ಅವರು."

ಈಗ ಯಾರಾದರೂ ಹೊಸದನ್ನು ಕಂಡರೆ ಹೆಸರಿಡುವುದು ಹೇಗೆಂದು ಕೇಳಿದೆ. ಅವರು ತಾಳ್ಮೆಯಿಂದ ಹೇಳಿದರು. ಕಂಡ ತಕ್ಷಣ ಹೆಸರು ಸಿಗುವುದಿಲ್ಲ. ಕಂಡ ವರ್ಷ, ಅದರ ಮುಂದೆ ಎರಡು ಅಕ್ಷರ, ಅಷ್ಟೇ ಗುರುತು. ಮತ್ತೆ ಮತ್ತೆ ನೋಡಿ, ಅದು ಸುತ್ತುವ ದಾರಿ ಇಂಥದೇ ಎಂದು ಗಟ್ಟಿಯಾದ ಮೇಲೆ ಒಂದು ಸಂಖ್ಯೆ. ಹೆಸರು ಆಮೇಲೆ. ಎಷ್ಟೋ ಕಾಯಗಳು ಅಷ್ಟರೊಳಗೇ ಕಳೆದುಹೋಗುತ್ತವೆ.

"ಕಳೆದುಹೋಗುತ್ತವೆ ಅಂದರೆ?"

"ನಾಲ್ಕು ದಿನ ಕಂಡವು, ಆಮೇಲೆ ಮೋಡವೋ ಸೂರ್ಯನೋ ಅಡ್ಡ ಬಂತು, ದಾರಿಯ ಲೆಕ್ಕ ಸಿಗಲಿಲ್ಲ. ಎಲ್ಲಿ ಹುಡುಕಬೇಕು ಅಂತ ಗೊತ್ತಾಗಲ್ಲ. ಅದು ಎಲ್ಲೂ ಹೋಗಿರಲ್ಲಮ್ಮ. ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತೆ. ನಮಗೆ ತಿಳಿಯಲ್ಲ, ಅಷ್ಟೆ."

ನಾನು ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ಜೋಡಿಸುತ್ತಲೇ ಇನ್ನೊಂದು ಪ್ರಶ್ನೆ ಹಾಕಿದೆ. ಪಂಚಾಂಗದ ಗ್ರಹಗಳು ಪೂರ್ವಕ್ಕೆ ಸರಿಯುತ್ತವೆ, ಇದು ಪಶ್ಚಿಮಕ್ಕೆ ಸರಿಯುತ್ತಿದೆಯಲ್ಲ, ಯಾಕೆ?

"ಅದು ಹಿಂದಕ್ಕೆ ಹೋಗ್ತಾ ಇಲ್ಲ. ಸೂರ್ಯನನ್ನ ಒಂದು ಸುತ್ತು ಬರೋದಕ್ಕೆ ಅದಕ್ಕೆ ಮೂರು ವರ್ಷ ಏಳೂವರೆ ತಿಂಗಳು ಬೇಕು. ನಮಗೆ ಒಂದೇ ವರ್ಷ. ಈಗ ನಾವು ಅದರ ಪಕ್ಕದಿಂದ ಮುಂದೆ ಹೋಗ್ತಾ ಇದ್ದೇವೆ."

"ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ಗಾಡಿ ಹಿಂದಕ್ಕೆ ಹೋದಂತೆ ಕಾಣುತ್ತಲ್ಲ, ಹಾಗಾ?"

ಅವರು ನಕ್ಕರು. "ಅದೇ" ಎಂದರು. ಎದ್ದು ಬರುವಾಗ, ನೋಡುವುದನ್ನು ಬಿಡಬೇಡಿ ಎಂದು ನನಗೆ ಹೇಳಿದರು. ಆ ಹೊತ್ತಿಗೆ ಡಬ್ಬಿಯಲ್ಲಿದ್ದ ಅವರ ಚಪಾತಿ ಒಣಗಿಹೋಗಿತ್ತು.

ವಾಪಸು ಬರುವಾಗ ರೈಲು ಮದ್ದೂರು ದಾಟಿತು. ನನ್ನ ಗಂಡ ಕಿಟಕಿಯಾಚೆ ನೋಡುತ್ತಲೇ, "ಹೆಸರೂ ಹೋಯ್ತಲ್ಲ" ಎಂದರು. ಪತ್ರಿಕೆ, ಸನ್ಮಾನ, ಊರವರ ನಗೆ ಇವೆಲ್ಲಕ್ಕಿಂತ ಅವರಿಗೆ ಅದೇ ಚುಚ್ಚಿತ್ತು.

"ಹೆಸರು ಎಲ್ಲಿ ಹೋಯಿತು? ನಾನು ಅದನ್ನು ಇಟ್ಟದ್ದು ಚುಕ್ಕಿಗಲ್ಲವಲ್ಲ" ಎಂದೆ.

ಅವರು ಆ ಹೆಸರನ್ನು ಮೆಲ್ಲಗೆ ಒಂದು ಸಲ ಅಂದರು. ಅವರ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ಎದುರು ಕೂತಿದ್ದ ಹೆಂಗಸು ಮಗಳ ಹೆಸರೇ ಎಂದು ಕೇಳಿದಳು. ಹೌದು ಎಂದೆ. ಅಲ್ಲಿಂದಾಚೆ ನಮ್ಮಿಬ್ಬರ ನಡುವೆ ಆ ಮಗು ಹೆಸರಿಲ್ಲದೆ ಉಳಿಯಲಿಲ್ಲ.

ಮನೆಗೆ ಬಂದು ಅತ್ತೆಗೆ ನಡೆದದ್ದನ್ನು ಹೇಳಿದೆವು. ನನ್ನ ಗಂಡ ಮಳವಳ್ಳಿಗೆ ಹೋಗುವುದಿಲ್ಲ, ಜ್ವರ ಅಂತ ಹೇಳಿ ಕಳಿಸುತ್ತೇನೆ ಎಂದರು. ಅತ್ತೆ ರಾಗಿ ಮುದ್ದೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಯಾಕ್ಲಾ, ಕದ್ದಿದ್ದೀಯಾ? ನೋಡಿದ್ದ ನೋಡ್ದೆ ಅನ್ನು, ಮೊದ್ಲೇ ಇನ್ನೊಬ್ಬ ನೋಡವ್ನೆ ಅನ್ನು. ಅಷ್ಟೇ ತಾನೆ? ಜರ ಗಿರ ಅಂತ ಯೋಳಿ ಮನೆ ಒಳಿಕ್ಕೆ ಸೇರ್ಕಂಡ್ರೆ ನಾಳೆ ಮಕ್ಳು ಮುಂದೆ ಎಂಗ್ಲಾ ನಿಂತ್ಕತೀಯ?" ಆಮೇಲೆ ನನ್ನ ಕಡೆ ತಿರುಗಿದರು. "ಅದ್ಯಾವ್ ದೇವ್ರ ಎಸ್ರು ಅಂದೆ?"

"ಒಲೆಯ ದೇವತೆಯಂತೆ ಅತ್ತೆ."

"ಒಲೆ ದೇವ್ರಾ? ಒಳ್ಳೆ ಎಸ್ರೇ ಮಡಗವ್ರೆ ಬುಡು" ಎಂದು ಮುದ್ದೆಯನ್ನು ತಟ್ಟೆಗೆ ಹಾಕಿದರು.

ಮಳವಳ್ಳಿಯಲ್ಲಿ ಸ್ಕೂಲಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಸಂಜೆ ಐದಕ್ಕೆಂದಿದ್ದ ಸಭೆ ಆರಕ್ಕೆ ಶುರುವಾಯಿತು. ಹುಡುಗರು, ಮೇಷ್ಟರುಗಳು, ಸಂತೆಗೆ ಬಂದು ಬಸ್ಸಿಗೆ ಕಾಯುತ್ತಿದ್ದ ರೈತರು ಎಲ್ಲ ಸೇರಿದ್ದರು. ವಕೀಲರು ಅರ್ಧ ಗಂಟೆ ಮಾತಾಡಿ, ಹಾರ ಹಾಕಲು ಎದ್ದರು. ನನ್ನ ಗಂಡ ಕೈಯಿಂದ ತಡೆದು, "ಮೊದ್ಲು ಎರಡು ಮಾತು ಹೇಳ್ತೀನಿ" ಎಂದು ಮೈಕಿನ ಮುಂದೆ ನಿಂತರು. ತಾವು ಕಂಡದ್ದು ಹೊಸ ಗ್ರಹವಲ್ಲ, ನೂರ ಎಪ್ಪತ್ತು ವರ್ಷ ಹಳೆಯ ಸಂಗತಿ, ಅದಕ್ಕಾಗಲೇ ಹೆಸರಿದೆ, ಪತ್ರಿಕೆಯಲ್ಲಿ ಬಂದದ್ದು ತಪ್ಪು ಎಂದು ಬಿಡಿಸಿ ಹೇಳಿದರು. "ಮತ್ತೆ, ಅದನ್ನ ಮೊದ್ಲು ನೋಡಿದವನು ನಾನಲ್ಲ. ನನ್ನ ಹೆಂಡ್ತಿ. ಇಲ್ಲೇ ಕೂತಿದ್ದಾಳೆ."

ಶಾಮಿಯಾನದಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವಕೀಲರು ಹಾರ ಹಿಡಿದುಕೊಂಡೇ ನಿಂತಿದ್ದರು, ಅವರ ಮುಖ ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ಮುಂದೆ ಕೂತಿದ್ದ, ಹೆಗಲ ಮೇಲೆ ಟವೆಲು ಹಾಕಿದ್ದ ಹಿರಿಯರೊಬ್ಬರು ಎದ್ದರು.

"ಮೇಷ್ಟ್ರೇ, ಅಂಗಾರೆ ಅದು ಐತೋ, ಇಲ್ವೋ?"

"ಇದೆ ಯಜಮಾನ್ರೇ."

"ಈಗ್ಲೂ ಕಾಣ್ತದಾ?"

"ಕತ್ತಲಾದ ಮೇಲೆ ಕಾಣುತ್ತೆ."

"ಮತ್ತಿನ್ನೇನು, ತೋರ್ಸಿ. ಕಾಣ್ದೆ ಇರೋದ್ಕೆ ಆರ ಆಕ್ಸ್ಕೊಳ್ಳೋರ್ನ ಬೇಕಾದಷ್ಟು ನೋಡಿವ್ನಿ."

ಸಭೆಯೆಲ್ಲ ನಕ್ಕಿತು. ವಕೀಲರೂ ನಕ್ಕರು. ಹಾರವನ್ನು ನನ್ನ ಗಂಡನಿಗೇ ಹಾಕಿದರು, ಅವರು ಅದನ್ನು ತೆಗೆದು ನನ್ನ ಕೈಗಿತ್ತರು. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಜೀವನದಲ್ಲಿ ಅಷ್ಟು ಜನರೆದುರು ನಾನು ನಿಂತಿರಲಿಲ್ಲ. ಬಸ್ಸು ಮತ್ತು ಕಬ್ಬಿನ ಗಾಡಿಯ ವಿಷಯ ಹೇಳಿದೆ. ಬೇರೇನು ಹೇಳಿದೆನೋ ನೆನಪಿಲ್ಲ. ರೈತರು ತಲೆದೂಗಿದ್ದು ನೆನಪಿದೆ.

ಕತ್ತಲಾದ ಮೇಲೆ ಶಾಮಿಯಾನದ ದೀಪಗಳನ್ನು ಆರಿಸಿ ಎಲ್ಲರೂ ಮೈದಾನದ ನಡುವೆ ಬಂದರು. ಕೈ ಅಲುಗಬಾರದೆಂದು ದುರ್ಬೀನನ್ನು ಒಂದು ಮೇಜಿನ ಮೇಲೆ ಕುರ್ಚಿಯಿಟ್ಟು, ಅದರ ಬೆನ್ನಿಗೆ ಟವೆಲಿನಿಂದ ಕಟ್ಟಿದೆವು. ಟವೆಲು ಆ ಹಿರಿಯರದೇ. ಚುಕ್ಕಿ ಮೊದಲಿಗಿಂತ ಮಂಕಾಗಿತ್ತು, ಆದರೂ ಸಿಕ್ಕಿತು. ಜನ ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಕೆಲವರಿಗೆ ಯಾವುದೆಂದು ಗೊತ್ತಾಗಲಿಲ್ಲ, ಆದರೂ ಕಂಡಿತು ಎಂದು ಹೇಳಿ ಹೋದರು. ಒಬ್ಬಾಕೆ ಮಾತ್ರ ಬಹಳ ಹೊತ್ತು ಕಣ್ಣು ಕೀಳದೆ ನೋಡಿ, "ಇಷ್ಟೇ ಇಷ್ಟೈತಲ್ಲವ್ವಾ" ಎಂದಳು. ಹೌದು, ಇಷ್ಟೇ ಇದೆ ಎಂದೆ.

ಪತ್ರಿಕೆಯವರು ತಿದ್ದುಪಡಿ ಹಾಕಲಿಲ್ಲ. ಮಂಡ್ಯದಲ್ಲಿ ನನ್ನ ಗಂಡನಿಗೆ ಗ್ರಹದ ಮೇಷ್ಟ್ರು ಎಂಬ ಹೆಸರು ಬಿತ್ತು, ಅವರು ನಿವೃತ್ತರಾಗುವ ತನಕವೂ ಉಳಿಯಿತು. ಶುರುವಿನಲ್ಲಿ ಸಿಟ್ಟಾಗುತ್ತಿದ್ದರು, ಆಮೇಲೆ ಅದೇ ಹೆಸರಿಗೆ ಓಗೊಡತೊಡಗಿದರು. ಆ ಜೂನ್‌ನಲ್ಲಿ ನಾನು ಕಾಲೇಜಿಗೆ ಮತ್ತೆ ಸೇರಿ ನಿಂತುಹೋಗಿದ್ದ ಬಿ.ಎಸ್ಸಿ.ಯನ್ನು ಮುಂದುವರಿಸಿದೆ. ಫೀಸು ಕಟ್ಟುವ ದಿನ ಅತ್ತೆಯೇ ಜೊತೆಗೆ ಬಂದಿದ್ದರು. ಮುಂದೆ ನಾನೂ ಮೇಷ್ಟರಾದೆ, ಗಣಿತಕ್ಕೆ.

ಅತ್ತೆ ಯಲಿಯೂರಿಗೆ ವಾಪಸಾದ ಮೇಲೆ ಒಮ್ಮೆ ನಾವು ಅಲ್ಲಿಗೆ ಹೋಗಿದ್ದೆವು. ಜಗಲಿಯ ಮೇಲೆ ಕೂತು ಅವರು ಪಕ್ಕದ ಮನೆಯ ಹೆಂಗಸಿಗೆ, ತಮ್ಮ ಸೊಸೆ ಆಕಾಶದಲ್ಲಿ ಹೊಸದೊಂದನ್ನು ಕಂಡುಹಿಡಿದ ಕಥೆ ಹೇಳುತ್ತಿದ್ದರು. ನಾನು ಒಳಗಿಂದಲೇ, "ಅತ್ತೆ, ಅದನ್ನ ಮೊದಲೇ ಯಾರೋ ಕಂಡುಹಿಡಿದಿದ್ದರಲ್ಲ" ಎಂದೆ.

"ಕಂಡಿದ್ರೆ ಕಂಡಿರ್ಲಿ ಕಣಮ್ಮ" ಎಂದರು ಅತ್ತೆ. "ಬಂದು ನಮ್ಗೆ ಯೋಳಿದ್ರಾ?"

ಪಕ್ಕದ ಮನೆಯಾಕೆ, ಅದೂ ಸರಿಯೇ ಎಂದು ಕಾಫಿ ಲೋಟ ಕೆಳಗಿಟ್ಟು, ಅದು ಯಾವ ಕಡೆ ಮೂಡುತ್ತದೆಂದು ನನ್ನನ್ನು ಕೇಳಿದಳು.